ಊಟದ ಕೋಟು ಹೊಲಿದ ಮಾಸ್ತರ

ಮಾಸ್ತರರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ, ಅಕ್ಷರ ಸಣ್ಣದಾಯಿತು ಎಂದು ತಕರಾರು ತೆಗೆಯುತ್ತಿದ್ದ ಮನುಷ್ಯ ಅವರು. ಬರೆಯದಿದ್ದರೆ, ಹೆಸರು ಹೇಳದೆಯೂ ಸುತ್ತಿನ ತಾಲೂಕುಗಳಿಗೆಲ್ಲ ಗುರುತು ಸಿಗುವಂಥವನು ತಾನು ಎಂದು ಮೀಸೆಯ ಮೇಲೆ ಕೈಯಾಡಿಸುತ್ತಿದ್ದರು. ಎರಡನೆಯದೇ ಅವರಿಗೆ ಹೆಚ್ಚು ಖುಷಿ, ಹಾಗೇ ಇರಲಿ. ಮಾಸ್ತರ ಎಂದರೆ ಸಾಲಿ ಮಾಸ್ತರರಲ್ಲ, ಟೇಲರ್. ನಮ್ಮ ಕಡೆ ಕತ್ತರಿ ಹಿಡಿದು ಕೈ ಪಳಗಿದವರನ್ನೂ ಹಾಗೇ ಕರೆಯುತ್ತಾರೆ. ಬನಹಟ್ಟಿ ಪೇಟೆಯ ಒಂದು ಮೂಲೆಯಲ್ಲಿ, ಮುಂದೆ ಅಂಗಡಿ ಹಿಂದೆ ಮನೆ ಇಟ್ಟುಕೊಂಡು ಗಂಡಸರ ಬಟ್ಟೆ ಮಾತ್ರ ಹೊಲಿಯುತ್ತಿದ್ದರು. ಹೋದ ಚಳಿಗಾಲದಲ್ಲಿ ತೀರಿಕೊಂಡರು.

ನಾನು ದನದ ಡಾಕ್ಟರು. ಮುಧೋಳದ ಕಡೆ ಸರಕಾರಿ ಪಶು ಆಸ್ಪತ್ರೆಯಲ್ಲಿ ಬಹಳ ವರ್ಷದಿಂದ ಇದ್ದೇನೆ. ನನ್ನ ಗಂಡನದು ಬನಹಟ್ಟಿಯಲ್ಲಿ ನೂಲಿನ ಅಂಗಡಿ. ಹಾಗಾಗಿ ಮನೆ ಇಲ್ಲಿ, ಕೆಲಸ ಅಲ್ಲಿ. ಎಮ್ಮೆ ಹಿಡಿದುಕೊಂಡು ಮನೆಯ ಬಾಗಿಲಿಗೆ ಬಂದವರು ನನ್ನನ್ನು ನೋಡಿ, ಡಾಕ್ಟರ್ ಅದಾರೇನ್ರಿ ಎಂದು ಕೇಳುತ್ತಿದ್ದರು. ಒಳಗಿನಿಂದ ಲುಂಗಿ ಸರಿಮಾಡಿಕೊಳ್ಳುತ್ತ ಬರುವ ನನ್ನ ಗಂಡನಿಗೆ ನಮಸ್ಕಾರ ಹಾಕಿ ಎಮ್ಮೆಯ ರೋಗ ವಿವರಿಸುತ್ತಿದ್ದರು. ಅವನೂ ಕುಚೇಷ್ಟೆಗೆ ತಲೆ ಅಲ್ಲಾಡಿಸುತ್ತ ಪೂರ್ತಿ ಕೇಳಿಸಿಕೊಂಡು, ಆಮೇಲೆ ನನ್ನ ಕಡೆ ಕೈ ತೋರಿಸುತ್ತಿದ್ದ. ಮಾಸ್ತರರಿಗೂ ಒಂದು ಎಮ್ಮೆ ಇತ್ತು. ಅದಕ್ಕೆ ನಾನೇ ಔಷಧ ಕೊಡುತ್ತಿದ್ದೆ. ಆದರೂ ಅವರ ಬಾಯಲ್ಲಿ ನಾನು 'ಅಕ್ಕಾರ', ನನ್ನ ಗಂಡ 'ಡಾಕ್ಟರ್'. ಎಷ್ಟು ಸಲ ತಿದ್ದಿದರೂ ಪ್ರಯೋಜನವಾಗಲಿಲ್ಲ, ನಾನೂ ಬಿಟ್ಟುಬಿಟ್ಟಿದ್ದೆ.

ನನ್ನ ಗಂಡನ ಅಂಗಿ ಹೊಲಿಸಲು ಹೋದಾಗ ಅವರ ಅಂಗಡಿಯ ಕಟ್ಟೆಯ ಮೇಲೆ ಕುಳಿತಿರುತ್ತಿದ್ದೆ. ಅದೊಂದು ಬಿಟ್ಟಿ ನಾಟಕ. ಮದುವೆ ಗೊತ್ತಾದ ಹುಡುಗರು ಮೊಬೈಲಿನಲ್ಲಿ ಯಾವುದೋ ನಟನ ಕೋಟಿನ ಫೋಟೋ ತಂದು ತೋರಿಸುವರು. ಮಾಸ್ತರರು ಕನ್ನಡಕ ಏರಿಸಿ ಮೊಬೈಲ್ ನೋಡುವರು, ಹುಡುಗನನ್ನು ನೋಡುವರು, ಮತ್ತೆ ಮೊಬೈಲ್ ನೋಡುವರು. "ಕೋಟು ಹೊಲೀತೇನಿ. ಮಾರಿ ಎಲ್ಲಿಂದ ತರ್ತೀ?" ಎನ್ನುವರು. ಹುಡುಗ ಸಿಟ್ಟು ಮಾಡಿಕೊಂಡು ರೆಡಿಮೇಡ್ ಅಂಗಡಿಗೆ ಹೋದರೆ ಇವರಿಗೆ ಏನೂ ಅನ್ನಿಸುತ್ತಿರಲಿಲ್ಲ. ಉಳಿದವನಿಗೆ ಕಸರತ್ತು ಶುರು. ನೆಟ್ಟಗೆ ನಿಂತವನ ಅಳತೆ ಅವರು ತೆಗೆಯುತ್ತಲೇ ಇರಲಿಲ್ಲ. ಮದುಮಗ ದಿನವೆಲ್ಲ ಹಿರಿಯರ ಕಾಲಿಗೆ ಬೀಳಬೇಕು, ಆದ್ದರಿಂದ ಬಗ್ಗಿಸಿ ಬೆನ್ನು ಅಳೆಯುವರು. ಡ್ರೈವರನನ್ನು ಸ್ಟೂಲಿನ ಮೇಲೆ ಕೂಡಿಸಿ, ಇಲ್ಲದ ಸ್ಟೇರಿಂಗ್ ಹಿಡಿಸುವರು. ಬೀಳಗಿ ಬಸ್ಸಿನ ಕಂಡಕ್ಟರನೊಬ್ಬನನ್ನು ಒಂದು ಕೈ ಮೇಲೆತ್ತಿಸಿ ಅಂಗಡಿಯೊಳಗೆ ಓಲಾಡಿಸಿದ್ದನ್ನು ನಾನೇ ಕಂಡಿದ್ದೇನೆ. ಬಟ್ಟೆ ಹಾಕಿಕೊಂಡು ಮನುಷ್ಯ ಏನು ಮಾಡುತ್ತಾನೋ ಅದನ್ನು ಮಾಡಿಸಿಯೇ ಟೇಪು ಹಿಡಿಯಬೇಕು ಎಂಬುದು ಅವರ ಹಟ.

ಈ ಹಟ ಅವರು ಪುಣೆಯಿಂದ ತಂದದ್ದು. ಹರೆಯದಲ್ಲಿ ಅಪ್ಪನ ಜೊತೆ ಜಗಳವಾಡಿ ಪುಣೆಗೆ ಓಡಿಹೋಗಿ, ದಂಡಿನ ಪೇಟೆಯಲ್ಲಿ ಒಬ್ಬ ಮುದುಕ ಉಸ್ತಾದನ ಕೈಕೆಳಗೆ ಕೋಟಿನ ಕೆಲಸ ಕಲಿತಿದ್ದರು. ಅಲ್ಲಿ ದೊಡ್ಡ ದೊಡ್ಡ ಮಂದಿಗೆ ಡಿನ್ನರ್ ಸೂಟು ಹೊಲಿಯುತ್ತಿದ್ದರಂತೆ. ಕರಿ ಉಣ್ಣೆಯ ಕೋಟು, ಎದೆಯ ಮೇಲೆ ಮಡಚಿ ಬರುವ ಪಟ್ಟಿಗೆ ಮಿರುಗುವ ರೇಷ್ಮೆ, ಪ್ಯಾಂಟಿನ ಪಕ್ಕಕ್ಕೂ ಅದೇ ರೇಷ್ಮೆಯ ಒಂದು ಗೆರೆ. ಸಂಜೆಯ ಊಟಕ್ಕೆಂದೇ ಹಾಕಿಕೊಳ್ಳುವ ಬಟ್ಟೆ. ಮಾಸ್ತರರು ಹಿಂದಿನ ಕೋಣೆಯಲ್ಲಿ ಕೂತು ಹೊಲಿದದ್ದೇ ಬಂತು. ಅಪ್ಪ ತೀರಿಕೊಂಡಾಗ ಊರಿಗೆ ಬಂದವರು ಅಂಗಡಿ ಬಿಟ್ಟು ಮತ್ತೆ ಹೋಗಲಿಲ್ಲ.

ಆದರೆ ಪೂರ್ತಿ ತಾನೇ ಯೋಚಿಸಿ, ತಾನೇ ಕತ್ತರಿಸಿ ಒಂದಾದರೂ ಡಿನ್ನರ್ ಸೂಟು ಹೊಲಿಯಬೇಕೆಂಬ ಆಸೆ ಮಾತ್ರ ಅವರನ್ನು ಬಿಡಲಿಲ್ಲ. ರಬಕವಿ, ಬನಹಟ್ಟಿ, ಜಮಖಂಡಿಯಲ್ಲಿ ಅದನ್ನು ಹಾಕಿಕೊಂಡು ಉಣ್ಣುವವರು ಯಾರು? ಮದುಮಗನಿಗೆ ಹೇಳಿ ನೋಡುವರು. ಹುಡುಗ ಒಪ್ಪಿದರೂ ಅವನ ತಾಯಿ ಕಿವಿ ಮುಚ್ಚಿಕೊಳ್ಳುತ್ತಿದ್ದಳು, ಮದುವೆಗೆ ಮೈತುಂಬ ಕರಿ ಬಟ್ಟೆ ಯಾರಾದರೂ ಹಾಕುತ್ತಾರೆಯೇ ಎಂದು. ಜಮಖಂಡಿ ಕೋರ್ಟಿನ ವಕೀಲರ ಕರಿ ಕೋಟು ಹೊಲಿದುಕೊಡುತ್ತಿದ್ದರು, ಆದರೆ ಅದು ಕೋಟಲ್ಲ, ಸಮವಸ್ತ್ರ ಎಂದು ಮೂಗು ಮುರಿಯುತ್ತಿದ್ದರು. ಹುನ್ನೂರಿನ ಜಮೀನುದಾರರೊಬ್ಬರು ಒಮ್ಮೆ ಹೂಂ ಎಂದಿದ್ದರಂತೆ. ಮರುದಿನ ಅವರ ಅಣ್ಣ ಬಂದು ಬಯ್ದು ಬಟ್ಟೆ ವಾಪಸು ಒಯ್ದ. ಇದನ್ನೆಲ್ಲ ನಗುತ್ತಲೇ ಹೇಳುತ್ತಿದ್ದರು, ಆದರೆ ಪ್ರತಿ ಸಲವೂ ಹೇಳುತ್ತಿದ್ದರು.

ಹೀಗಿರುವಾಗ ನನಗೊಂದು ಕಾಗದ ಬಂತು. ಚೆನ್ನೈಯಲ್ಲಿ ನಾಯಿ ಸಾಕುವವರ ಹಳೆಯ ಕ್ಲಬ್ಬೊಂದಿದೆ. ಮುಧೋಳ ನಾಯಿಗಳ ಬಗ್ಗೆ ನಾನು ಅಲ್ಲಿ ಇಲ್ಲಿ ಬರೆದದ್ದನ್ನು ಓದಿ, ವರ್ಷದ ಭೋಜನಕೂಟಕ್ಕೆ ಬಂದು ಮಾತಾಡಬೇಕೆಂದು ಕರೆದಿದ್ದರು. ಕರೆದದ್ದು ನನ್ನನ್ನಲ್ಲ, 'ಶ್ರೀಯುತ ಡಾಕ್ಟರ್' ಅವರನ್ನು. ಕೆಳಗೆ, ಡಿನ್ನರ್ ಸೂಟು ಕಡ್ಡಾಯ ಎಂದಿತ್ತು. ನನ್ನ ಗಂಡ ಓದಿ ಹೊಟ್ಟೆ ಹಿಡಿದುಕೊಂಡು ನಕ್ಕ. ಛಲೋ ಇಳಕಲ್ ಸೀರೆ ಉಟ್ಟು ಹೋಗು, ಯಾರು ಬೇಡ ಅಂತಾರೆ ಎಂದ. ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ಹಿಂದೊಮ್ಮೆ ಧಾರವಾಡದಲ್ಲಿ ಸೀರೆ ಉಟ್ಟು ಹೋಗಿದ್ದಾಗ ನನ್ನನ್ನು ಡಾಕ್ಟರರ ಮನೆಯವರ ಸಾಲಿನಲ್ಲಿ ಕೂಡಿಸಿ, ವೇದಿಕೆಯ ಮೇಲಿಂದ ನನ್ನ ಹೆಸರು ಕೂಗಿ ಕೂಗಿ ದಣಿದಿದ್ದರು. ನನ್ನ ತಲೆಯೊಳಗೆ ಹುಳ ಹೊಕ್ಕಿತು. ಕಾಗದದಲ್ಲಿ ಡಿನ್ನರ್ ಸೂಟು ಎಂದಿದ್ದರೆ ಡಿನ್ನರ್ ಸೂಟಿನಲ್ಲೇ ಹೋಗುತ್ತೇನೆ ಎಂದು ಪಟ್ಟು ಹಿಡಿದೆ.

ಕಾಗದ ತೋರಿಸಿದಾಗ ಮಾಸ್ತರರ ಮುಖ ಅರಳಿತು. ಅಂಗಡಿಯ ಗಾದಿಯಿಂದ ಎದ್ದೇ ನಿಂತರು. ಡಾಕ್ಟರರನ್ನು ಕಳಿಸಿ, ಇವತ್ತೇ ಅಳತೆ ತೆಗೆಯುತ್ತೇನೆ ಎಂದರು. ಕೋಟು ನನಗೆ ಎಂದೆ. ಅವರು ಕಾಗದವನ್ನು ನಿಧಾನವಾಗಿ ಮಡಚಿ ನನ್ನ ಕೈಗಿಟ್ಟರು.

"ಹೆಣ್ಮಕ್ಕಳ ಅರಿವಿ ನಾ ಹೊಲಿಯಾಂಗಿಲ್ಲರಿ ಅಕ್ಕಾರ. ನಮ್ಮಪ್ಪ ಹೊಲಿದಿಲ್ಲ, ಅವರಪ್ಪ ಹೊಲಿದಿಲ್ಲ. ಹೆಣ್ಮಕ್ಕಳ ಮೈಮ್ಯಾಲೆ ನಮ್ಮ ಮನ್ಯಾಗ ಯಾರೂ ಟೇಪು ಇಟ್ಟಿಲ್ಲ."

ಇದು ಅವರೊಬ್ಬರ ಮಾತಲ್ಲ. ನಮ್ಮಲ್ಲಿ ಹೆಂಗಸರ ಜಂಪರ್ ಹೊಲಿಯುವ ಗಂಡಸರು ಕೂಡ ಅಳತೆಗೆ ಹಳೆಯ ಜಂಪರನ್ನೇ ಕೇಳುತ್ತಾರೆ. ಅದನ್ನು ಹಾಸಿ ಅಳೆದು ಹೊಸದನ್ನು ಕತ್ತರಿಸುತ್ತಾರೆ. ಅಳತೆಗೆ ಕೊಡಲು ನನ್ನ ಹತ್ತಿರ ಹಳೆಯ ಡಿನ್ನರ್ ಸೂಟು ಎಲ್ಲಿತ್ತು? ನಾನು ಕಾಗದ ಹಿಡಿದು ಮನೆಗೆ ಬಂದೆ. ನನಗೆ ಬೇಜಾರಾಯಿತು. ನನಗಾಗಿ ಅಷ್ಟಲ್ಲ, ಅರಳಿದ ಆ ಮುಖ ಹಾಗೆ ಬಾಡಿದ್ದನ್ನು ನೋಡಿ.

ಮರುದಿನ ಅವರ ಹೆಂಡತಿ ಹೇಳಿಕಳಿಸಿದರು. ರಾತ್ರಿ ಮಾಸ್ತರರು ಉಂಡಿರಲಿಲ್ಲವಂತೆ. ಅಳತೆಯನ್ನು ತಾನು ತೆಗೆಯುವುದು, ಅವರು ಪರದೆಯ ಆಚೆ ಕೂತು ಎಲ್ಲೆಲ್ಲಿ ಎಂದು ಹೇಳುವುದು, ಹೀಗೆ ಗಂಡ ಹೆಂಡತಿ ತೀರ್ಮಾನಿಸಿಕೊಂಡಿದ್ದರು. ಈ ತಾಯಿಯ ಬಗ್ಗೆ ಹೇಳಲೇಬೇಕು. ಗಂಡ ಹೊಲಿದ ಪ್ರತಿಯೊಂದು ಅಂಗಿ ಕೋಟಿಗೆ ಕಾಜಾ ಮಾಡುತ್ತಿದ್ದದ್ದು ಇವರು. ಗುಂಡಿ ತೂರುವ ತೂತಿನ ಸುತ್ತ ಕೈಯಿಂದ ಒತ್ತೊತ್ತಾಗಿ ದಾರ ಸುತ್ತುವ ಕೆಲಸ. ಟೇಪಿನ ಅಂಕಿ ಓದಲು ಬರುತ್ತಿರಲಿಲ್ಲ, ದಾರಕ್ಕೆ ಗಂಟು ಹಾಕಿ ಅಳತೆ ತೆಗೆದರು. ಪರದೆಯ ಆಚೆಯಿಂದ ಮಾಸ್ತರರು, ಕುಂದರಸು, ಕೈ ಬಾಯಿ ಕಡೆ ಒಯ್ಯಾಕ ಹೇಳು, ನೀರಿನ ಲೋಟ ಎತ್ತಾಕ ಹೇಳು ಎಂದು ಕೂಗುತ್ತಿದ್ದರು. ಊಟದ ಕೋಟಲ್ಲವೇ, ಉಣ್ಣಿಸಿಯೇ ಅಳೆಯಬೇಕು. ನಾನು ಬರಿಗೈಯಲ್ಲಿ ಗಾಳಿ ಉಂಡೆ.

ಕಚ್ಚಾ ಹೊಲಿಗೆ ಹಾಕಿ ಟ್ರಯಲ್ಲಿಗೆ ಕರೆದರು. ಹಾಕಿಕೊಂಡೆ. ಕೋಟಿನೊಳಗೆ ನಾನೂ ನನ್ನ ಗಂಡನೂ ಇಬ್ಬರೂ ಹಿಡಿಯುತ್ತಿದ್ದೆವು. ಮಾಸ್ತರರು ದಾರವನ್ನು ಹಿಡಿದು ನೋಡಿದರು, ಗಂಟು ಎಣಿಸಿದರು, ಹೆಂಡತಿಯನ್ನು ನೋಡಿದರು. ಆ ತಾಯಿ ಪ್ರತಿ ಗಂಟಿಗೂ ಮುಂದೆ ಒಂದಿಷ್ಟು ದಾರ ಬಿಟ್ಟಿದ್ದರು. ಹೆಣ್ಣುಮಕ್ಕಳ ಬಟ್ಟೆ ಮೈಗೆ ಅಂಟಬಾರದು, ನಾಳೆ ಮೈ ಬಂದರೂ ಆಗಬೇಕು ಎಂದು ತಾವು ಕಲಿತದ್ದನ್ನು ಒಳ್ಳೆಯ ಮನಸ್ಸಿನಿಂದ ಮಾಡಿದ್ದರು. ಮಾಸ್ತರರು ನನ್ನೆದುರೇ ರೇಗಿದರು. ಬಂದ ಒಂದೇ ಒಂದು ಸೂಟನ್ನು ಕೆಡಿಸಿದೆ ಎಂದರು. ಆಕೆ ಸುಮ್ಮನಿರಲಿಲ್ಲ.

"ಹಂಗಾರ ನೀವ ಅಳತಿ ತಗೋಬೇಕಿತ್ತು. ಪರದೆ ಆಚೆ ಕುಂತು ಕೋಟು ಹೊಲಿತೇನಿ ಅಂದ್ರ ಆಕತೇನು?"

ಮಾಸ್ತರರು ಕೋಟನ್ನು ಮಡಚಿ ಮೂಲೆಗೆ ಒಗೆದರು. ಚೆನ್ನೈಗೆ ಹೋಗುವ ದಿನ ಹತ್ತಿರ ಬರುತ್ತಿತ್ತು. ನಾನು ಸೀರೆಯನ್ನು ಇಸ್ತ್ರಿಗೆ ಕೊಟ್ಟೆ.

ಎರಡು ಮೂರು ದಿನ ಬಿಟ್ಟು, ನಾನು ಆಸ್ಪತ್ರೆಯ ಅಂಗಳದಲ್ಲಿ ಒಂದು ಎಮ್ಮೆಯ ಹೆರಿಗೆ ಮಾಡಿಸುತ್ತಿದ್ದೆ. ಕರು ಅಡ್ಡ ಬಿದ್ದಿತ್ತು. ಅಂಗಿಯ ಬಲತೋಳನ್ನು ಭುಜದವರೆಗೆ ಸುತ್ತಿ ಕೈ ಒಳಗೆ ಹಾಕಿದ್ದೆ. ಕರು ಹೊರಗೆ ಬಂದು, ಕೈ ತೊಳೆದುಕೊಂಡು ತಿರುಗಿ ನೋಡಿದರೆ ಬೇವಿನ ಗಿಡದ ಕೆಳಗೆ ಮಾಸ್ತರರು ನಿಂತಿದ್ದರು. ಬನಹಟ್ಟಿಯಿಂದ ಬಸ್ಸು ಹಿಡಿದು ಬಂದು ಎಲ್ಲವನ್ನೂ ಮೊದಲಿನಿಂದ ನೋಡಿದ್ದರು. ಕೊರಳಲ್ಲಿ ಟೇಪು. ಸುತ್ತ ಎಮ್ಮೆಯವರು, ಆಡಿನವರು, ಕಂಪೌಂಡರು, ಎಲ್ಲರೂ ನೋಡುತ್ತಿದ್ದರು. ಮಾಸ್ತರರ ಕಿವಿ ಕೆಂಪಾಗಿತ್ತು. ನನ್ನ ಮುಂದೆ ಬಂದು ಟೇಪು ಕೈಗೆ ತೆಗೆದುಕೊಂಡರು.

"ಡಾಕ್ಟರ್ರ, ಕೈ ಮ್ಯಾಲೆ ಮಾಡ್ರಿ."

ನಾನು ಕೈ ಎತ್ತಿದೆ. ಆ ಹೊತ್ತು ನನಗೆ ಅಳು ಬಂತು ಎಂದರೆ ಸುಳ್ಳಲ್ಲ. ಅವರು ಗಂಡಸರ ಅಳತೆ ತೆಗೆಯುವಾಗ ಹೇಗೆ ಗೊಣಗುತ್ತಿದ್ದರೋ ಹಾಗೇ ಗೊಣಗುತ್ತ, ಬಲ ಭುಜ ಎಡ ಭುಜಕ್ಕಿಂತ ದಪ್ಪ ಆಗಿದೆ, ಇಷ್ಟು ವರ್ಷ ದನದೊಳಗೆ ಕೈ ಹಾಕಿದರೆ ಇನ್ನೇನಾಗುತ್ತದೆ ಎಂದು ಬೈಯುತ್ತ ಅಳೆದರು. ಆಡಿನವನೊಬ್ಬ, ಏನ್ರಿ ಮಾಸ್ತರ, ಹೆಣ್ಮಕ್ಕಳ ಟೇಲರ್ ಆದ್ರೇನು ಎಂದು ಚುಡಾಯಿಸಿದ. ಮಾಸ್ತರರು ತಿರುಗಿಯೂ ನೋಡಲಿಲ್ಲ.

ಆ ಕೋಟು ನಾನು ಕಂಡ ಯಾವ ಕೋಟಿನ ಹಾಗೂ ಇರಲಿಲ್ಲ. ಎದೆಯ ಪಟ್ಟಿಗೆ ಪೇಟೆಯ ರೇಷ್ಮೆ ಬೇಡವೆಂದು, ರಬಕವಿಯಲ್ಲಿ ಕೈಮಗ್ಗ ಇಟ್ಟುಕೊಂಡಿದ್ದ ತಮ್ಮ ಗೆಳೆಯರನ್ನು ಕಾಡಿ ಬೇಡಿ, ಇಳಕಲ್ ಸೀರೆಯ ಅಂಚಿಗೆ ಬರುವ ಗೋಮಿ ದಡಿಯನ್ನು ಕರಿ ರೇಷ್ಮೆಯ ಮೇಲೆ ಕರಿ ರೇಷ್ಮೆಯಲ್ಲೇ ನೇಯಿಸಿದರು. ಎದುರಿನಿಂದ ನೋಡಿದರೆ ಬರೀ ಕಪ್ಪು. ಮಗ್ಗುಲು ತಿರುಗಿದಾಗ ಬೆಳಕು ಬಿದ್ದು ದಡಿಯ ನೇಯ್ಗೆ ಕಾಣುತ್ತಿತ್ತು. ಭುಜಕ್ಕೆ ಹತ್ತಿ ತುಂಬಲಿಲ್ಲ. ಬಲಭುಜ ದಪ್ಪವಿದ್ದರೆ ಕೋಟೂ ದಪ್ಪವಿರಲಿ ಎಂದರು. ಬಲತೋಳಿಗೆ ಮಾತ್ರ ಮುಂಗೈಯಿಂದ ಮೊಣಕೈ ದಾಟಿ ಮೇಲಿನವರೆಗೆ ಗುಂಡಿಗಳ ಸಾಲು, ಎಲ್ಲವೂ ಬಿಚ್ಚುವಂಥವು. ಕೋಟಿನ ತೋಳಿಗೆ ನಿಜವಾಗಿ ಬಿಚ್ಚುವ ಗುಂಡಿ ಹಚ್ಚುವುದು ಶುರುವಾದದ್ದೇ ಡಾಕ್ಟರರಿಗಾಗಿ ಎಂದು ಅವರ ಉಸ್ತಾದ ಹೇಳಿದ್ದನಂತೆ. ಮಂದಿಯ ಡಾಕ್ಟರರಿಗೆ ಮುಂಗೈ ಸಾಕು, ದನದ ಡಾಕ್ಟರರಿಗೆ ಭುಜದವರೆಗೆ ಬೇಕು ಎಂಬುದು ಇವರು ಸೇರಿಸಿದ್ದು. ಅಷ್ಟೂ ಗುಂಡಿಗೆ ಕಾಜಾ ಮಾಡಿದ್ದು ಅವರ ಹೆಂಡತಿ. ಗಂಡನ ಮೇಲಿನ ಸಿಟ್ಟು ಇಳಿಯದೆ ಇದ್ದರೂ ಕಾಜಾದಲ್ಲಿ ಅದು ಕಾಣಲಿಲ್ಲ.

ಚೆನ್ನೈಯ ಕಥೆ ದೊಡ್ಡದೇನಲ್ಲ. ಬಾಗಿಲಲ್ಲಿ ನಿಂತಿದ್ದ ಹಿರಿಯರೊಬ್ಬರು ನನ್ನ ಹಿಂದೆ ಇಣುಕಿ, ಡಾಕ್ಟರ್ ಬರಲಿಲ್ಲವೇ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಬಂದಿದ್ದಾರೆ ಎಂದೆ. ಅವರು ನನ್ನ ಕೋಟು ನೋಡಿ, ನನ್ನ ಮುಖ ನೋಡಿ, ಕ್ಷಮೆ ಕೇಳಿ ಕುರ್ಚಿಯವರೆಗೆ ಕರೆದುಕೊಂಡು ಹೋದರು. ಅಲ್ಲಿದ್ದ ಅರ್ಧ ಗಂಡಸರ ಕೋಟುಗಳು ಬಾಡಿಗೆಯವು, ಕುತ್ತಿಗೆಯ ಹಿಂದೆ ಎದ್ದು ನಿಂತಿದ್ದವು. ಮಾತಾಡಿದೆ, ಚಪ್ಪಾಳೆ ಬಿತ್ತು, ಊಟ ಸಪ್ಪೆ ಇತ್ತು. ನನ್ನ ಮಟ್ಟಿಗೆ ಕೆಲಸ ಆಗಿತ್ತು.

ವಾಪಸು ಬಂದವಳು ನೇರ ಅಂಗಡಿಗೆ ಹೋದೆ. ಮಂದಿ ಏನಂದರು ಎಂದು ಮಾಸ್ತರರು ಕೇಳಲೇ ಇಲ್ಲ. ಊಟಕ್ಕೆ ಕೂತಾಗ ಕಾಲರ್ ಎದ್ದಿತ್ತೇ, ಮುಂದಕ್ಕೆ ಬಾಗಿದಾಗ ಎದೆಯ ಪಟ್ಟಿ ಉಬ್ಬಿತ್ತೇ, ಇಷ್ಟೇ ಪ್ರಶ್ನೆ. ನನ್ನ ಬೆನ್ನು ನನಗೆ ಹೇಗೆ ಕಾಣಬೇಕು? ಗೊತ್ತಿಲ್ಲ ಎಂದೆ. ಅವರು ಕತ್ತರಿಯನ್ನು ಬಟ್ಟೆಗೆ ಒರೆಸತೊಡಗಿದರು. ಒರೆಸುತ್ತಲೇ ಮೆಲ್ಲಗೆ ಹೇಳಿದರು.

"ಪುಣೇದಾಗ ಇಂಥಾವು ಎಷ್ಟ ಹೊಲಿದೆ. ಹಾಕ್ಕೊಂಡು ಉಣ್ಣೂದನ್ನ ಮಾತ್ರ ಒಮ್ಮಿನೂ ನೋಡಿಲ್ಲರಿ ಡಾಕ್ಟರ್ರ. ನಾವು ಹಿಂದಿನ ಖೋಲ್ಯಾಗ ಇರ್ತಿದ್ವಿ."

ಬರುವ ಅಮಾವಾಸ್ಯೆಗೆ ಗಂಡ ಹೆಂಡತಿ ನಮ್ಮ ಮನೆಗೆ ಊಟಕ್ಕೆ ಬರಬೇಕೆಂದು ಅಲ್ಲೇ ಹೇಳಿಬಂದೆ. ಅಮಾವಾಸ್ಯೆಗೆ ಮಗ್ಗಗಳು ಬಂದ್, ಓಣಿಯೆಲ್ಲ ಸದ್ದಿಲ್ಲದೆ ಇರುತ್ತದೆ. ಮಟಮಟ ಮಧ್ಯಾಹ್ನ, ಬೇಸಗೆ. ಮಾಸ್ತರರು ವಿಭೂತಿ ಹಚ್ಚಿಕೊಂಡು, ಇಸ್ತ್ರಿಯ ಅಂಗಿ ಹಾಕಿಕೊಂಡು ಬಂದರು. ನೆಲದ ಮೇಲೆ ತಾಟು ಇಟ್ಟಿದ್ದನ್ನು ನೋಡಿ, ಡಿನ್ನರ್ ಅಂದರೆ ಟೇಬಲ್ಲು ಬೇಕು ಎಂದು ಹಟ ಹಿಡಿದರು. ನನ್ನ ಗಂಡ ನೂಲಿನ ಕೋನುಗಳನ್ನು ಇಳಿಸಿ ಟೇಬಲ್ಲು ಖಾಲಿ ಮಾಡಿದ. ನಾನು ಆ ಸೆಕೆಯಲ್ಲಿ ಉಣ್ಣೆಯ ಕೋಟು ಹಾಕಿಕೊಂಡು ಒಲೆಯ ಹತ್ತಿರ ಹೋಗುವ ಹಾಗಿರಲಿಲ್ಲ. ಅವರ ಹೆಂಡತಿ, ರೊಟ್ಟಿ ನಾ ಬಡಿತೇನಿ ತಗೋರಿ ಎಂದು ಅಡುಗೆಮನೆಗೆ ಹೋದರು. ಬಿಸಿ ರೊಟ್ಟಿ ಒಂದಾದ ಮೇಲೊಂದು ಬರತೊಡಗಿದವು.

ಮಾಸ್ತರರು ನನ್ನ ಎದುರು ಕುಳಿತು ತಮ್ಮ ತಾಟನ್ನು ಮುಟ್ಟಲಿಲ್ಲ. ನೀವೂ ಉಣ್ಣಿ ಎಂದರೆ, ನೀವು ಉಣ್ಣಿ ನಾನು ನೋಡುತ್ತೇನೆ ಎಂದರು. ನಾನು ರೊಟ್ಟಿ ಮುರಿದೆ, ಎಣ್ಣೆಗಾಯಿ ಹಚ್ಚಿಕೊಂಡೆ, ಮೊಸರಿಗೆ ಕೈ ಚಾಚಿದೆ, ನನ್ನ ಗಂಡ ಏನೋ ಅಂದದ್ದಕ್ಕೆ ತಿರುಗಿ ನಕ್ಕೆ. ಅವರ ಕಣ್ಣು ನನ್ನ ತೋಳಿನಿಂದ ಭುಜಕ್ಕೆ, ಭುಜದಿಂದ ಕಾಲರಿಗೆ ಓಡಾಡುತ್ತಿತ್ತು. ಎದ್ದು ಬಂದು ಹಿಂದೆ ನಿಂತು ನೋಡಿದರು. ನನ್ನ ಕುತ್ತಿಗೆಯಲ್ಲಿ ಬೆವರು ಇಳಿಯುತ್ತಿತ್ತು, ಆದರೂ ಊಟವನ್ನು ಬೇಗ ಮುಗಿಸಲು ಮನಸ್ಸಾಗಲಿಲ್ಲ. ಕೊನೆಗೆ ಅವರು ತಮ್ಮ ಕುರ್ಚಿಗೆ ಬಂದು ಕುಳಿತು, ಆರಿದ ರೊಟ್ಟಿಯನ್ನು ಮುರಿದು ಉಣ್ಣಲು ಶುರು ಮಾಡಿದರು. ಕಣ್ಣು ಒದ್ದೆಯಾಗಿತ್ತು. ಹೋಗುವಾಗ ಮಾತ್ರ ಮತ್ತೆ ಹಳೆಯ ಮಾಸ್ತರರೇ ಆಗಿ, ಎಡತೋಳು ಒಂಚೂರು ಎಳೆಯುತ್ತಿದೆ, ಸರಿಮಾಡಿ ಕೊಡುತ್ತೇನೆ ಎಂದು ಕೋಟನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟರು.

ಆಮೇಲೆ ನಾನು ಕೇಳಿದಾಗಲೆಲ್ಲ ನಾಳೆ. ಮಳೆಗಾಲ ಬಂತು, ನಾಳೆ. ದಸರೆ ಮುಗಿಯಿತು, ನಾಳೆ. ಟೇಲರರ ನಾಳೆ ಎಂದರೆ ಏನು ಎಂದು ಎಲ್ಲರಿಗೂ ಗೊತ್ತು, ನಾನೂ ತಲೆ ಕೆಡಿಸಿಕೊಳ್ಳಲಿಲ್ಲ. ಕೋಟು ಅಂಗಡಿಯಲ್ಲಿ, ರಸ್ತೆಗೆ ಕಾಣುವ ಹಾಗೆ, ಹ್ಯಾಂಗರಿನಲ್ಲಿ ನೇತಾಡುತ್ತಿತ್ತು. ಬಂದವರಿಗೆ ಅದರ ಗುಂಡಿ ಬಿಚ್ಚಿ ತೋರಿಸುತ್ತಿದ್ದರು. ಪೋಲೀಸ್ ಠಾಣೆಯ ಹೊಸ ಹೆಣ್ಣುಮಗಳು ಒಬ್ಬಳು, ವಕೀಲೆಯರು ಇಬ್ಬರು ಅದನ್ನು ನೋಡಿ ಒಳಗೆ ಬಂದು ಅಳತೆ ಕೊಟ್ಟು ಹೋದರು ಎಂದು ಯಾರೋ ಹೇಳಿದರು. ಒಂದು ದಿನ ಬೆಳಿಗ್ಗೆ ಮಾಸ್ತರರು ಎದೆನೋವು ಎಂದವರು ಬಾಗಲಕೋಟೆ ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟರು.

ಮಣ್ಣು ಮಾಡುವಾಗ ಹೋಗಿದ್ದೆ, ಆದರೆ ಆ ತಾಯಿಯ ಹತ್ತಿರ ಮಾತಾಡಲು ಆಗಿರಲಿಲ್ಲ. ಬಂದುಹೋಗುವವರು ಕಡಿಮೆಯಾದ ಮೇಲೆ ಒಂದು ಮಧ್ಯಾಹ್ನ ಹೋದೆ. ಅವರು ಅಂಗಡಿಯಲ್ಲಿ ಒಬ್ಬರೇ ಕುಳಿತಿದ್ದರು. ನನ್ನನ್ನು ನೋಡಿ ಎದ್ದು ಕೋಟು ಇಳಿಸಿದರು. ಎಡತೋಳು ಹಾಗೇ ಇರಲಿ, ಯಾರ ಕೈಗೂ ಕೊಡುವುದಿಲ್ಲ ಎಂದೆ.

"ತೋಳಿಗೆ ಏನೂ ಆಗಿದ್ದಿಲ್ಲರಿ. ಒಂದು ದಾರ ಸೈತ ಬಿಚ್ಚಿಲ್ಲ ಅವ್ರು. ನಾಳೆ ಅಂತ ನಿಮ್ಮನ್ನ ಕಳಿಸಿ ಒಳಗ ಬಂದು ನಗತಿದ್ರು. ಕೊಟ್ಟ ಮ್ಯಾಲೆ ಮತ್ತ ಎಲ್ಲಿ ನೋಡ್ಲಿ ಅಂತಿದ್ರು."

ಮಾಸ್ತರರು ಕೇಳಿದ್ದರೆ ನಾನು ಕೊಟ್ಟೇ ಬಿಡುತ್ತಿದ್ದೆ. ಕೋಟು ಇಲ್ಲೇ ಇರಲಿ ಎಂದೆ. ಆ ತಾಯಿ ತಲೆ ಅಲ್ಲಾಡಿಸಿ ಕೋಟನ್ನು ನನ್ನ ಕಡೆ ಹಿಡಿದರು.

"ಹಾಕ್ಕೋರಿ. ಅವತ್ತ ನಾ ಒಲಿ ಮುಂದ ಇದ್ನಿ. ನಾ ನೋಡ ಇಲ್ಲ."

ಆಸ್ಪತ್ರೆಯಿಂದ ಬಂದ ಅಂಗಿಯ ಮೇಲೆಯೇ ಹಾಕಿಕೊಂಡೆ. ಅವರು ನನ್ನನ್ನು ಸ್ಟೂಲಿನ ಮೇಲೆ ಕೂಡಿಸಿ, ತಾವು ಕೆಳಗೆ ಕುಳಿತು, ಬಲತೋಳಿನ ಗುಂಡಿಗಳನ್ನು ಮುಂಗೈಯಿಂದ ಮೇಲಿನವರೆಗೆ ಒಂದೊಂದಾಗಿ ಬಿಚ್ಚಿದರು. ಪ್ರತಿ ಕಾಜಾದ ಮೇಲೂ ಬೆರಳಾಡಿಸಿದರು. ಮತ್ತೆ ಮೇಲಿನಿಂದ ಒಂದೊಂದಾಗಿ ಹಾಕುತ್ತ ಬಂದರು.

"ಛಲೋ ಆಗ್ಯಾವು," ಎಂದರು.

ಕೊನೆಯ ಗುಂಡಿ ಹಾಕಿ ಮುಗಿದ ಮೇಲೂ ಅವರು ತೋಳು ಬಿಡಲಿಲ್ಲ. ನಾನೂ ಕೈ ಎಳೆದುಕೊಳ್ಳಲಿಲ್ಲ.